ಕೊನೆಯ ಪಂದ್ಯಕ್ಕೆ ಕಾದಿಟ್ಟ ಗುಟ್ಟು

ಹಲ್ಲಿನ ಸೆಟ್ಟು ಮಾಡುವ ಕಸುಬಿನವರಾದ್ದರಿಂದ ರಗ್ಬಿ ಆಡುವವರೆಲ್ಲ ಅವರನ್ನು ಹಲ್ಲು ಮೇಷ್ಟ್ರು ಎನ್ನುತ್ತಿದ್ದರು. ಹಗಲೆಲ್ಲ ವರ್ಕ್‌ಶಾಪಿನಲ್ಲಿ ಕೂತು ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣ ಕೆತ್ತುವುದು, ಸಂಜೆ ಹೊಳೆದಂಡೆ ಕ್ಲಬ್ಬಿನ ಮೈದಾನದಲ್ಲಿ ತಂಡವನ್ನು ಪಳಗಿಸುವುದು, ಹನ್ನೊಂದು ವರ್ಷ ಇದೇ ಅವರ ಬದುಕು. ಆಟಗಾರರು ಬಾಯಲ್ಲಿ ಕಚ್ಚಿಕೊಳ್ಳುವ ಹಲ್ಲುಕವಚವನ್ನೂ ಅವರೇ ಮಾಡಿಕೊಡುತ್ತಿದ್ದರು. ಹಲ್ಲು ಉಳಿಸುವುದೂ ನಾನೇ, ಉದುರಿದರೆ ಕಟ್ಟುವುದೂ ನಾನೇ ಎಂದು ನಗಿಸುತ್ತಿದ್ದರು.

ಕ್ಲಬ್ಬಿನ ಅಧ್ಯಕ್ಷರು ಅವರ ಸ್ವಂತ ಭಾವ, ಅಕ್ಕನ ಗಂಡ. ಆ ವರ್ಷದ ವಾರ್ಷಿಕ ಸಭೆಯಲ್ಲಿ ಭಾವ ಮೇಷ್ಟ್ರನ್ನು ವೇದಿಕೆಗೆ ಕರೆದು, ಹೆಗಲ ಮೇಲೆ ಕೈಹಾಕಿ, ಇವರ ಸೇವೆ ಮರೆಯುವಂಥದ್ದಲ್ಲ, ಇನ್ನು ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಮೈಕಿನಲ್ಲಿ ಹೇಳಿ, ಕೈಗೊಂದು ಗೋಡೆ ಗಡಿಯಾರ ಕೊಟ್ಟರು. ಹೊಸ ಕೋಚ್ ಆಗಲೇ ಕ್ಲಬ್ಬಿನ ಕೋಟು ತೊಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದ. ತಮ್ಮನ್ನು ತೆಗೆದುಹಾಕಿದ ಸುದ್ದಿ ಮೇಷ್ಟ್ರಿಗೆ ಗೊತ್ತಾದದ್ದು ಇನ್ನೂರು ಜನರ ಜೊತೆಗೇ. ಜನ ಚಪ್ಪಾಳೆ ತಟ್ಟಿದಾಗ ಏನು ಮಾಡಬೇಕೆಂದು ತೋಚದೆ ಅವರೂ ಗಡಿಯಾರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಟ್ಟಿದರು. ಮೊದಲ ಸಾಲಿನಲ್ಲಿ ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು ಎಂಬುದು ಆ ತಗ್ಗಿದ ತಲೆಯಲ್ಲೇ ಕಾಣುತ್ತಿತ್ತು. ಅಮ್ಮ ಹೋದ ಮೇಲೆ ಇವರ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು.

ಗಡಿಯಾರವನ್ನು ಮೇಷ್ಟ್ರು ವರ್ಕ್‌ಶಾಪಿನಲ್ಲಿ ತಮ್ಮ ಮೇಜಿನ ಎದುರಿಗೇ ನೇತುಹಾಕಿದರು. ಅದೊಂದು ಸಂಕಟ ಯಾಕೆ ಕಣ್ಣೆದುರು ಎಂದು ಹೆಂಡತಿ ಕೇಳಿದಳು. ಮರೆತುಹೋಗಬಾರದಲ್ಲ ಎಂದರು.

ವಾರದೊಳಗೆ ಅವರು ಬಸ್ ಡಿಪೋ ತಂಡದ ಬಾಗಿಲು ತಟ್ಟಿದರು. ಹತ್ತು ಕ್ಲಬ್ಬುಗಳ ಲೀಗಿನಲ್ಲಿ ಡಿಪೋದವರು ಹಿಂದಿನ ವರ್ಷ ಒಂಬತ್ತನೆಯವರು. ಹತ್ತಕ್ಕೆ ಬಿದ್ದವರು ಕೆಳದರ್ಜೆಗೆ ಇಳಿಯಬೇಕು. ಡ್ರೈವರುಗಳು, ಮೆಕ್ಯಾನಿಕ್ಕುಗಳು, ಕಂಡಕ್ಟರುಗಳು ಪಾಳಿ ಮುಗಿಸಿ ಬಂದು ಡೀಸೆಲ್ ವಾಸನೆಯ ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದರು. ನಾಯಕ ಒಬ್ಬ ದಢೂತಿ ಡ್ರೈವರು. ಎದುರು ಬಂದವರನ್ನು ನಿಂತಲ್ಲೇ ನಿಲ್ಲಿಸುತ್ತಿದ್ದುದರಿಂದ ಅವನಿಗೆ ಬ್ರೇಕು ಎಂದು ಹೆಸರು. ಅಂಚಿನಲ್ಲಿ ಗಾಳಿಯಂತೆ ಓಡುವ ಸಣಕಲು ಕಂಡಕ್ಟರಿಗೆ ಚಿಲ್ಲರೆ ಎಂದು ಹೆಸರು. ಅದು ಅವನ ಹತ್ತಿರ ಎಂದೂ ಇರುತ್ತಿರಲಿಲ್ಲ.

ನಮಗೆ ಕಪ್ಪು ಗೆಲ್ಲಿಸಿಕೊಡುತ್ತೀರಾ ಎಂದು ಬ್ರೇಕು ಮೊದಲ ದಿನವೇ ಕೇಳಿದ.

"ಕಪ್ಪು ಯಾರಿಗೆ ಬೇಕು," ಎಂದರು ಮೇಷ್ಟ್ರು. "ನೀವು ಒಂಬತ್ತರಲ್ಲಿರಿ ಸಾಕು. ಹತ್ತರಲ್ಲಿ ನಮ್ಮ ಭಾವ ಇರಬೇಕು."

ಮೊದಲ ಆರು ಪಂದ್ಯಗಳನ್ನು ಡಿಪೋ ಸೋತಿತು. ಏಳನೆಯದು ಹೊಳೆದಂಡೆಯ ಎದುರೇ ಬಿತ್ತು; ಅದನ್ನೂ ನಲವತ್ತೊಂದು–ಏಳರಿಂದ ಸೋತಿತು. ಪಂದ್ಯ ಮುಗಿದ ಮೇಲೆ ಭಾವ ಬಂದು ಕೈಕುಲುಕಿ, ಗಡಿಯಾರ ಸರಿಯಾಗಿ ನಡೆಯುತ್ತಿದೆಯೇ ಎಂದು ವಿಚಾರಿಸಿದರು. ಸುತ್ತ ಇದ್ದವರು ನಕ್ಕರು. ಒಂದು ನಿಮಿಷವೂ ಹಿಂದೆಮುಂದೆ ಆಗಿಲ್ಲ ಭಾವ ಎಂದು ಮೇಷ್ಟ್ರೂ ನಕ್ಕರು.

ಹಳೆಯ ತಂಡದವರು ಹಲ್ಲುಕವಚಕ್ಕೆ ಇನ್ನೂ ಅವರ ಹತ್ತಿರವೇ ಬರುತ್ತಿದ್ದರು. ಒಂಚೂರು ಸಡಿಲ ಮಾಡಿಕೊಟ್ಟರೆ ಆಗದೇ ಎಂದು ಚಿಲ್ಲರೆ ಮೆಲ್ಲಗೆ ಕಿವಿಯೂದಿದಾಗ ಮೇಷ್ಟ್ರು ಎಲ್ಲರೆದುರು ಅವನ ನೀರಿಳಿಸಿದರು. ಬಾಯಿ ತಮ್ಮ ಕಸುಬು, ಅಲ್ಲಿ ಸೇಡಿಗೆ ಜಾಗವಿಲ್ಲ ಎಂದರು. ಅಲ್ಲದೆ ಅವರ ಬಳಿ ಬೇರೆಯದೇ ಒಂದು ಗುಟ್ಟು ಇತ್ತು. ನಲವತ್ತೊಂದು–ಏಳರ ದಿನವೂ ಅದನ್ನು ಅವರು ಖರ್ಚು ಮಾಡಿರಲಿಲ್ಲ.

ಅದು ಅಕ್ಕನ ಮಗನದು. ಇಪ್ಪತ್ತೆರಡರ ಆ ಅಳಿಯ ಹೊಳೆದಂಡೆಯ ಕಿಕ್ಕರ್, ಚೆಂಡು ಒದೆಯುವವನು. ಚೆಂಡನ್ನು ಎದುರಾಳಿಯ ಗೆರೆಯಾಚೆ ಊರಿದರೆ ಐದು ಅಂಕ. ಆಮೇಲೆ ಅದನ್ನು ನೆಲದ ಮೇಲಿಟ್ಟು ಕಂಬಗಳ ನಡುವೆ ಒದ್ದರೆ ಇನ್ನೆರಡು. ಒದೆಯುವವನು ಹೊರಡಲು ಅಲುಗುವ ತನಕ ಎದುರಾಳಿಗಳು ಗೆರೆಯ ಮೇಲೆ ನಿಂತಿರಬೇಕು. ಅಲುಗಿದ ಕ್ಷಣದಿಂದ ಅವನ ಮೇಲೆ ನುಗ್ಗಬಹುದು. ಹತ್ತು ವರ್ಷದವನಿದ್ದಾಗಿನಿಂದ ಅವನಿಗೆ ಒದೆಯಲು ಕಲಿಸಿದವರು ಮೇಷ್ಟ್ರೇ. ಒತ್ತಡದ ಗಳಿಗೆಯಲ್ಲಿ ಒದೆಯುವ ಮುಂಚೆ ಅವನು ತನಗೇ ಗೊತ್ತಿಲ್ಲದಂತೆ ಬಲ ಹಿಮ್ಮಡಿಯನ್ನು ಹಿಂದಕ್ಕೆ ಎಳೆದು, ಎರಡು ದೀರ್ಘ ಉಸಿರು ಬಿಟ್ಟು, ಆಮೇಲೆ ಓಡುತ್ತಿದ್ದ. ನಿಯಮದ ಪ್ರಕಾರ ಹಿಮ್ಮಡಿ ಎಳೆದಾಗಲೇ ಅವನು ಹೊರಟಂತೆ. ಲೀಗಿನಲ್ಲಿ ಇನ್ನಾರೂ ಅದನ್ನು ಗಮನಿಸಿರಲಿಲ್ಲ.

ಸೀಸನ್ನಿನ ಉತ್ತರಾರ್ಧದಲ್ಲಿ ಗಾಳಿ ತಿರುಗಿತು. ಹೊಸ ಕೋಚ್ ತಂದ ಹೊಸ ಪದ್ಧತಿ ಹೊಳೆದಂಡೆಯವರ ಮೈಗೆ ಹತ್ತಲಿಲ್ಲ. ಇಬ್ಬರು ದೊಡ್ಡ ಆಟಗಾರರು ಗಾಯಗೊಂಡು ಕೂತರು. ಇತ್ತ ಡಿಪೋದವರು ಕೆಸರಲ್ಲಿ ಬಿದ್ದೆದ್ದು ನಾಲ್ಕು ಪಂದ್ಯ ಗೆದ್ದರು. ಹದಿನೆಂಟನೆಯ, ಕೊನೆಯ ಪಂದ್ಯ ಹೊಳೆದಂಡೆಯ ಮೈದಾನದಲ್ಲಿ. ಅಂಕಪಟ್ಟಿಯ ತಳದಲ್ಲಿದ್ದವು ಇವೆರಡೇ ತಂಡಗಳು. ಹೊಳೆದಂಡೆ ಒಂದೇ ಅಂಕ ಮುಂದೆ. ಆಟ ಸಮವಾದರೂ ಅವರು ಉಳಿಯುತ್ತಿದ್ದರು.

ಆ ವಾರ ಮೇಷ್ಟ್ರು ಚಿಲ್ಲರೆಯನ್ನು ಪಕ್ಕಕ್ಕೆ ಕರೆದು ತಾವೇ ಚೆಂಡಿನ ಹಿಂದೆ ನಿಂತು ತೋರಿಸಿದರು. "ಮುಖ ನೋಡಬೇಡ, ಚೆಂಡನ್ನೂ ನೋಡಬೇಡ. ಬಲ ಹಿಮ್ಮಡಿ ನೋಡು. ಅದು ಸರಿದ ತಕ್ಷಣ ಬಿಟ್ಟ ಬಾಣದ ಹಾಗೆ ಬರಬೇಕು."

ಪಂದ್ಯ ಮುಗಿಯಲು ಒಂದು ನಿಮಿಷವಿದ್ದಾಗ ಡಿಪೋ ಹತ್ತೊಂಬತ್ತು, ಹೊಳೆದಂಡೆ ಹನ್ನೆರಡು. ಆಗ ಹೊಳೆದಂಡೆಯವರು ಮೂಲೆಯಲ್ಲಿ ಚೆಂಡು ಊರಿ ಹದಿನೇಳಕ್ಕೆ ಬಂದರು. ಅಳಿಯ ಚೆಂಡನ್ನು ನಿಲ್ಲಿಸಿದ. ಅವನ ಹಿಮ್ಮಡಿ ಹಿಂದೆ ಸರಿಯಿತು, ಚಿಲ್ಲರೆ ಹೊರಟ. ಎರಡನೆಯ ಉಸಿರು ಮುಗಿಸಿ ಅಳಿಯ ಕಣ್ಣೆತ್ತುವ ಹೊತ್ತಿಗೆ ಚಿಲ್ಲರೆ ಅರ್ಧ ದಾರಿ ದಾಟಿದ್ದ. ಅವಸರದಲ್ಲಿ ಒದ್ದ ಚೆಂಡು ಚಿಲ್ಲರೆಯ ಎದೆಗೆ ಬಡಿದು ಹೊರಗುರುಳಿತು. ರೆಫರಿ ಕೊನೆಯ ಸೀಟಿ ಊದಿದ; ಹೊಳೆದಂಡೆ ಹತ್ತಕ್ಕೆ ಬಿತ್ತು.

ಮೇಷ್ಟ್ರು ಯಾರನ್ನೂ ಅಪ್ಪಿಕೊಳ್ಳಲಿಲ್ಲ. ನೆಟ್ಟಗೆ ಗ್ಯಾಲರಿಯ ಮೆಟ್ಟಿಲು ಹತ್ತಿ ಭಾವನ ಮುಂದೆ ನಿಂತರು. ಭಾವನ ಮುಖ ಸುಣ್ಣದಂತೆ ಬಿಳಿಚಿತ್ತು.

"ಇನ್ನು ನೀವೂ ವಿಶ್ರಾಂತಿ ತಗೊಳ್ಳಿ, ಭಾವ," ಎಂದರು, ಸುತ್ತ ಇದ್ದವರಿಗೆಲ್ಲ ಕೇಳಿಸುವ ಹಾಗೆ. ಹತ್ತು ತಿಂಗಳಿನಿಂದ ನಾಲಿಗೆಯ ಮೇಲಿದ್ದ ಮಾತು. ಹೇಳಿದ್ದು ಹೊಟ್ಟೆ ತಣ್ಣಗೆ ಮಾಡಿತು. ಅದನ್ನು ಅವರು ಎಂದೂ ಅಲ್ಲಗಳೆಯಲಿಲ್ಲ.

ಕೆಳಗೆ ಗೇಟಿನ ಬಳಿ ಅಳಿಯ ಕಾದಿದ್ದ. ಮೊಣಕಾಲೆಲ್ಲ ಕೆಸರು. ಚಿಲ್ಲರೆ ಏನು ನೋಡಿ ಓಡಿದ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು.

"ಮಾಮ, ಇದು ನಿಮಗೆ ಯಾವತ್ತಿಂದ ಗೊತ್ತಿತ್ತು?"

"ಮೂರು ವರ್ಷದಿಂದ."

"ಆಗ ನೀವು ನನ್ನ ಕೋಚ್ ಆಗಿದ್ರಿ."

ಮೇಷ್ಟ್ರು ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ತಳ್ಳಿದ್ದು ನಿಜ. ಇನ್ನೊಬ್ಬರ ದೋಷ ತಮಗೊಬ್ಬರಿಗೇ ಗೊತ್ತಿದೆ ಎನ್ನುವುದರಲ್ಲಿ ಒಂದು ಸುಖವಿದ್ದದ್ದೂ ನಿಜ. ಅಳಿಯ ತಲೆಯಾಡಿಸಿ ಹೊರಟುಹೋದ.

ಮುಂದಿನ ತಿಂಗಳು ಕ್ಲಬ್ಬಿನವರು ಭಾವನನ್ನು ಅಧ್ಯಕ್ಷಗಿರಿಯಿಂದ ಇಳಿಸಿದರು. ಅದಾದ ವಾರಕ್ಕೆ ಅಕ್ಕ ವರ್ಕ್‌ಶಾಪಿಗೆ ಬಂದಳು. ಸ್ಟೂಲು ಎಳೆದುಕೊಟ್ಟರೂ ಕೂರಲಿಲ್ಲ.

"ನಿನ್ನ ಭಾವ ಮಾಡಿದ್ದಕ್ಕೆ ನೀನು ಮಾಡಿದೆ. ಅದಕ್ಕೆ ನಾನು ಏನೂ ಅನ್ನಲ್ಲ," ಎಂದಳು. "ಮಧ್ಯದಲ್ಲಿ ನನ್ನ ಮಗನ್ನ ಯಾಕೆ ತಂದೆ?"

"ಅವತ್ತು ನೀನು ಮೊದಲನೇ ಸಾಲಲ್ಲಿ ಕೂತಿದ್ದೆ ಅಕ್ಕ."

"ಹಾಗಾದ್ರೆ ಅದು ನನಗೆ ಕೊಟ್ಟ ಏಟು," ಎಂದಳು. ಮೇಷ್ಟ್ರು ಅಲ್ಲ ಎನ್ನಲಿಲ್ಲ. ಹೊರಡುವಾಗ ಅವಳು ಹೇಳಿದಳು: ಮಗ ಆಚೆ ಊರಿನ ಕ್ಲಬ್ ಸೇರಿದ್ದಾನೆ. ಬೇರೆ ಒಳ್ಳೆಯ ಕ್ಲಬ್ಬುಗಳೂ ಕರೆದಿದ್ದವು. ಹೊಸ ಸೀಸನ್ನಿನ ಮೊದಲ ಪಂದ್ಯವನ್ನು ಡಿಪೋ ಎದುರು ಆಡುವುದು ಈ ಕ್ಲಬ್ಬೇ ಎಂದು ಇದನ್ನು ಆರಿಸಿಕೊಂಡಿದ್ದಾನೆ.

ಮೇಷ್ಟ್ರು ಅಂದೇ ಸಂಜೆ ಬಸ್ ಹತ್ತಿ ಆ ಊರಿಗೆ ಹೋದರು. ಅಳಿಯ ಖಾಲಿ ಮೈದಾನದಲ್ಲಿ ಒಬ್ಬನೇ ಒದೆಯುತ್ತಿದ್ದ. ಬೇಲಿಯಾಚೆ ನಿಂತು ಅವರು ಎರಡು ಸಲ ಕೂಗಿದರು. ಅವನು ತಿರುಗಲಿಲ್ಲ; ಕತ್ತಲಾಗುವ ಹೊತ್ತಿಗೆ ಚೆಂಡುಗಳನ್ನು ಚೀಲಕ್ಕೆ ತುಂಬಿ ಇನ್ನೊಂದು ಗೇಟಿನಿಂದ ಹೊರಟುಹೋದ.

ಹೊಸ ಸೀಸನ್ನಿನ ಮೊದಲ ಪಂದ್ಯದಲ್ಲಿ ಅವನು ಏಳು ಸಲ ಒದ್ದು ಏಳನ್ನೂ ಕಂಬಗಳ ನಡುವೆ ಹೊಡೆದ. ಡಿಪೋ ಸೋತಿತು. ಪ್ರತಿ ಸಲ ಒದೆಯುವ ಮುಂಚೆ ಅವನು ಹಿಮ್ಮಡಿ ಅಲುಗಿಸದೆ ಕಲ್ಲಿನಂತೆ ನಿಂತು, ಕತ್ತು ತಿರುಗಿಸಿ, ಮಾಮನನ್ನು ಒಮ್ಮೆ ನೋಡುತ್ತಿದ್ದ.