ಹಲ್ಲು ಡಾಕ್ಟರ ವಿಳಾಸ

ಕನ್ನಡಕದ ಅಂಗಡಿಯ ಯಜಮಾನರನ್ನು ಪೇಟೆಯಲ್ಲಿ ಯಾರೂ ಕನ್ನಡಕದವರು ಎನ್ನುವುದಿಲ್ಲ, ಡೈರೆಕ್ಟರು ಎನ್ನುತ್ತಾರೆ. ವಾರವಿಡೀ ಜನರ ಮೂಗಿನ ಮೇಲೆ ಕನ್ನಡಕ ಕೂರಿಸಿ, ಭಾನುವಾರ ಸಮುದಾಯ ಭವನದಲ್ಲಿ ಅದೇ ಜನರ ಕೈಲಿ ನಾಟಕ ಆಡಿಸುವುದು ಅವರ ಹುಚ್ಚು. ಈ ಹುಚ್ಚಿಗೆ ಮದ್ದಿಲ್ಲ ಎಂದು ಅವರ ಹೆಂಡತಿ ಮದುವೆಯಾದ ಹೊಸದರಲ್ಲೇ ತೀರ್ಮಾನಿಸಿ ಸುಮ್ಮನಾಗಿದ್ದರು. ಈಚೆಗೆ ಮಾತ್ರ ಡೈರೆಕ್ಟರು ಭಾನುವಾರ ಹೋಗಿ ಕುರ್ಚಿಗಳನ್ನೆಲ್ಲ ಹರಡಿ, ಬಾಗಿಲು ನೋಡುತ್ತ ಕೂತು, ಕೊನೆಗೆ ಅದೇ ಕುರ್ಚಿಗಳನ್ನು ಮಡಚಿಟ್ಟು ಮನೆಗೆ ಬರುತ್ತಿದ್ದರು. ನಟರ ಸುಳಿವೇ ಇರಲಿಲ್ಲ.

ಭವನದ ಮ್ಯಾನೇಜರು ಇದನ್ನು ಗಮನಿಸಿದ್ದರು. "ನೋಡಿ, ಬರೋ ಭಾನುವಾರವೂ ಹಾಲ್ ಖಾಲಿ ಇದ್ರೆ ಕೀಲಿ ಕೊಟ್ಬಿಡಿ. ಜೂಡೋ ಕಲಿಸೋರು ಕಾಯ್ತಾ ಇದಾರೆ," ಎಂದು ಹೇಳಿ ಹೋಗಿದ್ದರು. ಹಾಲ್ ಹೋದರೆ ತಂಡ ಹೋದಂತೆ. ತಂಡ ಹೋದರೆ ಡೈರೆಕ್ಟರು ಬರೀ ಕನ್ನಡಕದವರಾಗಿ ಉಳಿಯಬೇಕು.

"ಒಂದು ಫೋನ್ ಮಾಡಿ ಕರೀರಿ," ಎಂದರು ಹೆಂಡತಿ.

"ಮೇಲ್ ಮಾಡಿ ಮಾಡಿ ಬೆರಳು ಸವೆದಿದೆ. ಒಬ್ಬನಾದ್ರೂ ಉತ್ತರ ಬರೆದ್ನಾ? ಇನ್ನು ಫೋನ್ ಮಾಡಿ ಕಾಲು ಹಿಡೀಬೇಕಾ? ಎಲ್ಲರೂ ಆ ಹಲ್ಲು ಕೀಳೋನ ಕಡೆ ಸೇರ್ಕೊಂಡಿದಾರೆ ಕಣೇ."

ಹಲ್ಲು ಕೀಳುವವನು ಎಂದರೆ ಎದುರು ಸಾಲಿನ ಹಲ್ಲು ಡಾಕ್ಟರು. ಶಾಲೆಯಲ್ಲಿ ಡೈರೆಕ್ಟರ ಪಕ್ಕದಲ್ಲೇ ಕೂರುತ್ತಿದ್ದವರು. ಈ ಡಾಕ್ಟರಿಗೂ ಒಂದು ಹುಚ್ಚು, ಮರಗೆಲಸ. ತಂಡದ ಮನೆ, ಜೈಲು, ಸಿಂಹಾಸನ ಎಲ್ಲವೂ ಅವರದೇ ಕೈಕೆಲಸ. ಮಾತು ಕಡಿಮೆ. ಕ್ಲಿನಿಕ್ಕಿನಲ್ಲಿ ಹಲ್ಲು ಕಿತ್ತಾದ ಮೇಲೆ ತಟ್ಟೆಯಲ್ಲಿ ಅದನ್ನು ತೋರಿಸಿ "ನೋವಾಯ್ತಾ?" ಎಂದು ಕೇಳುವುದು ಅವರ ಅಭ್ಯಾಸ. ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತ ಕೂತವರೂ ಇಲ್ಲವೆಂದು ತಲೆಯಾಡಿಸುತ್ತಾರೆ. ಪೇಟೆಯ ಮರ್ಯಾದೆ ಅಂಥದು.

ಜಗಳ ಹುಟ್ಟಿದ್ದು ಒಂದು ಬಾಗಿಲಿನಿಂದ. ಹಿಂದಿನ ನಾಟಕದ ಕೊನೆಯ ದೃಶ್ಯದಲ್ಲಿ, ಮನೆ ಬಿಟ್ಟು ಹೋಗಿದ್ದ ಮಗ ವರ್ಷಗಳ ಮೇಲೆ ಹಿಂದಿರುಗಿ, ಬಾಗಿಲು ತೆರೆದು, ತಾಯಿಯ ಕಾಲಿಗೆ ಬೀಳಬೇಕು. ಮಗ ಸ್ವತಃ ಡೈರೆಕ್ಟರು, ತಾಯಿ ಅವರಿಗಿಂತ ಚಿಕ್ಕವರಾದ ಬೇಕರಿಯಮ್ಮ. ಡೈರೆಕ್ಟರು ಬಾಗಿಲು ತಳ್ಳಿದರು. ತೆರೆಯಲಿಲ್ಲ. ಭುಜ ಕೊಟ್ಟು ತಳ್ಳಿದರು. ಗೋಡೆಯೇ ವಾಲಿತೇ ಹೊರತು ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಪರದೆಯ ಮರೆಯಿಂದ ಡಾಕ್ಟರು "ಎಳಿ, ಎಳಿಯೋ!" ಎಂದು ಪಿಸುಗುಟ್ಟಿದ್ದು ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು, ಡೈರೆಕ್ಟರಿಗೊಬ್ಬರಿಗೆ ಕೇಳಿಸಲಿಲ್ಲ. ಒಳಗೆ ಅಳು ಆರಿಹೋಗುತ್ತಿದ್ದ ತಾಯಿ ಕಾದು ಕಾದು, ಬರೆದಿಲ್ಲದ ಮಾತೊಂದನ್ನು ಆಡಿಬಿಟ್ಟರು: "ಮಗನೇ, ಕಿಟಕಿಯಿಂದ ಬಾ." ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು.

ಪರದೆ ಇಳಿದ ಮೇಲೆ ಡೈರೆಕ್ಟರು ಹಾರಾಡಿದರು. "ಮನೆ ಬಾಗಿಲು ಯಾವತ್ತಾದ್ರೂ ಹೊರಗಡೆ ತೆಗೆಯುತ್ತೇನೋ? ಹಲ್ಲು ಕಿತ್ತು ಕಿತ್ತು ನಿಂಗೆ ಎಳೆಯೋದು ಬಿಟ್ಟು ಬೇರೇನೂ ಗೊತ್ತಿಲ್ಲ!"

"ರಿಹರ್ಸಲ್‌ನಲ್ಲಿ ಹೇಳಿದ್ದೆ. ನೀನು ಕೇಳಿಸ್ಕೊಳ್ಳಲಿಲ್ಲ," ಎಂದರು ಡಾಕ್ಟರು. ಹೋಗುತ್ತ ಹೋಗುತ್ತ ಇನ್ನೊಂದು ಮಾತು ಸೇರಿಸಿದರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ." ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು.

ಗಂಡನ ಗೊಣಗಾಟ ಕೇಳಿ ಸಾಕಾದ ಹೆಂಡತಿ ಕೊನೆಗೆ ತಂಗಿಯನ್ನು ಅಂಗಡಿಗೆ ಕಳಿಸಿದರು. ಈ ನಾದಿನಿಯ ಕೆಲಸ ಒಂದು ಕಂಪನಿಯಲ್ಲಿ ಕೂತು, ಕಂಪ್ಯೂಟರ್ ಕೆಟ್ಟವರ ಫೋನೆತ್ತುವುದು. ಇರುವಷ್ಟು ತಾಳ್ಮೆಯನ್ನೆಲ್ಲ ಅಲ್ಲೇ ಖರ್ಚು ಮಾಡಿ ಬರುತ್ತಿದ್ದಳು, ಮನೆಯವರ ಪಾಲಿಗೆ ಚೂರೂ ಉಳಿಯುತ್ತಿರಲಿಲ್ಲ. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಕಣ್ಣು ಪರೀಕ್ಷೆಯ ಫಲಕದ ಕೆಳಗಿದ್ದ ಹಳೇ ಕಂಪ್ಯೂಟರಿನ ಮುಂದೆ ಕೂತಳು.

"ಭಾವ, ನಿಮ್ಮ ಮೇಲ್ ಒಂದೂ ಹೋಗಿಲ್ಲ."

"ಹೋಗಿಲ್ಲ ಅಂದ್ರೆ?"

"ಹೋಗಿಲ್ಲ ಅಂದ್ರೆ ಹೋಗಿಲ್ಲ. ನೋಡಿ, ಎಲ್ಲಾ ಔಟ್‌ಬಾಕ್ಸಲ್ಲಿ ಸಾಲಾಗಿ ಕೂತಿವೆ, ಬಸ್ಸು ತಪ್ಪಿದವರ ಹಾಗೆ. 'ಕಳಿಸೋಕೆ ಆಗಲಿಲ್ಲ' ಅಂತ ಪ್ರತಿ ಸಲ ಬಂದಿರುತ್ತಲ್ಲ, ಓದಲಿಲ್ವಾ?"

ಏನೋ ಒಂದು ಚೌಕ ಬರುತ್ತಿತ್ತು ನಿಜ. ಬಂದಾಗಲೆಲ್ಲ ಡೈರೆಕ್ಟರು 'ಸರಿ' ಎಂಬುದನ್ನು ಒತ್ತಿ ಅದನ್ನು ಓಡಿಸುತ್ತಿದ್ದರು. ಪೇಟೆಯವರನ್ನೆಲ್ಲ ಎದುರು ಕೂರಿಸಿ "ಕೊನೇ ಸಾಲು ಓದಿ" ಎಂದು ಗದರಿಸುವ ಮನುಷ್ಯ ತನ್ನ ಮೂಗಿನ ಮುಂದೆ ಬಂದದ್ದನ್ನು ಓದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

ಒಂದು ಗಳಿಗೆ ಅವರಿಗೆ ಜೀವ ಬಂದಂತಾಯಿತು. ಮೇಲ್ ತಲುಪದಿದ್ದರೆ ಯಾರೂ ಕೈಕೊಟ್ಟಿಲ್ಲ! ಮರುಗಳಿಗೆಯಲ್ಲೇ ಆ ಮೇಲ್‌ಗಳಲ್ಲಿ ಏನು ಬರೆದಿದ್ದೆನೆಂದು ನೆನಪಾಗಿ ಬೆವರು ಕಿತ್ತುಕೊಂಡು ಬಂತು. ಮೊದಮೊದಲು 'ಪ್ರಿಯ ಕಲಾವಿದರೇ' ಎಂದು ಕರೆದಿದ್ದವರನ್ನು ಕೊನೆಕೊನೆಗೆ ಕರೆದ ಬಗೆಯೇ ಬೇರೆ ಇತ್ತು.

"ಆ ಹಳೇವನ್ನ ಅಳಿಸಿಬಿಡಮ್ಮ," ಎಂದರು, ಆದಷ್ಟು ಸಹಜವಾಗಿ.

"ಮುಟ್ಟಬೇಡಿ. ಮೊದಲು ರೋಗ ಹಿಡಿಯೋಣ, ಕಸ ಆಮೇಲೆ ಗುಡಿಸೋಣ."

ವಿಳಾಸಗಳೆಲ್ಲ ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಡಿನಂತೆ ಇದ್ದವು. ತಂಡದವರ ಕಾರ್ಡುಗಳನ್ನೆಲ್ಲ ಒಟ್ಟು ಮಾಡಿ ಡೈರೆಕ್ಟರು 'ನಾಟಕದವರು' ಎಂಬ ಗುಂಪು ಮಾಡಿಟ್ಟಿದ್ದರು. ಗುಂಪಿನ ಹೆಸರಿಗೆ ಒಂದು ಮೇಲ್ ಬರೆದರೆ ಸಾಕು, ಎಲ್ಲರಿಗೂ ಹೋಗಬೇಕು. ನಾದಿನಿ ಅದನ್ನು ಬಿಚ್ಚಿ ನೋಡಿ, ಮುಚ್ಚಿ, ಹೊಸ ಗುಂಪು ಮಾಡಿ ಎಲ್ಲರನ್ನೂ ಅದರೊಳಕ್ಕೆ ಹಾಕಿದಳು. ಅದರಿಂದಲೂ ಮೇಲ್ ಹೋಗಲಿಲ್ಲ.

"ಗುಂಪು ಸರಿಯಾಗಿದೆ ಭಾವ. ಒಳಗೆ ಯಾರೋ ಒಬ್ರು ಕೆಟ್ಟಿದಾರೆ. ಒಂದು ವಿಳಾಸ ತಪ್ಪಿದ್ರೂ ಇದು ಹಟ ಹಿಡಿದು ಯಾರಿಗೂ ಕಳಿಸಲ್ಲ. ಅರ್ಧರ್ಧ ಮಾಡಿ ನೋಡೋಣ. ಹೋಗೋ ಅರ್ಧ ಬಿಟ್ಟುಬಿಡೋದು, ಹೋಗದೇ ಇರೋ ಅರ್ಧನ ಮತ್ತೆ ಅರ್ಧ ಮಾಡೋದು. ಕೊನೆಗೆ ಕಳ್ಳ ಒಬ್ಬನೇ ಉಳೀತಾನೆ."

ಕಳ್ಳ ಯಾರೆಂದು ಡೈರೆಕ್ಟರಿಗೆ ಆಗ ಹೊಳೆಯಿತು.

ನಾದಿನಿ ಮೊದಲ ಅರ್ಧಕ್ಕೆ 'ಪರೀಕ್ಷೆ' ಎಂದಷ್ಟೇ ಬರೆದು ಕಳಿಸಿದಳು. ಹೋಯಿತು.

"ಕಾಫಿ ತರಿಸ್ಲಾ?"

"ಬೇಡ ಭಾವ."

"ಊಟ ಮಾಡಿದ್ಯಾ? ನಿಮ್ಮಕ್ಕ ಕಾಯ್ತಿರ್ತಾಳೆ. ಇದನ್ನ ನಾಳೆ ನೋಡಬಹುದು."

"ಸುಮ್ನಿರಿ ಭಾವ." ಉಳಿದ ಅರ್ಧವನ್ನು ಒಡೆದಳು, ಅದರರ್ಧವನ್ನು ಮತ್ತೆ ಒಡೆದಳು. ಅಂಚೆಯವರು ಪಾರಾದರು, ಬೇಕರಿಯಮ್ಮ ಪಾರಾದರು.

ಅಷ್ಟರಲ್ಲಿ ಟಿಂಗ್ ಎಂದು ಬಸ್ ಕಂಡಕ್ಟರ ಉತ್ತರ ಬಂತು. ತಂಡದಲ್ಲಿ ರಾಜನ ಪಾತ್ರವೆಲ್ಲ ಅವರದೇ. 'ಓಹೋ, ಡೈರೆಕ್ಟರಿಗೆ ಕೊನೆಗೂ ನಮ್ಮ ನೆನಪಾಯಿತೇ? ಅವತ್ತು ನಾವೂ ನಕ್ಕೆವೆಂದು ನಮ್ಮನ್ನೆಲ್ಲ ಕೈಬಿಟ್ಟು ಹೊಸಬರನ್ನು ಹಿಡಿದಿದ್ದೀರಿ ಅಂದುಕೊಂಡಿದ್ದೆವು. ಕರೆಯದೆ ಬರೋಕೆ ನಮಗೇನು ಮಾನ ಇಲ್ಲವೇ?'

ಡೈರೆಕ್ಟರು ಅದನ್ನು ಕೊನೆಯ ಸಾಲಿನವರೆಗೂ ಓದಿದರು. ಇಷ್ಟು ದಿನ ಅವರೆಲ್ಲ ತಮ್ಮ ತಮ್ಮ ಮನೆಗಳಲ್ಲಿ ಇವರ ಹಾಗೆಯೇ ಮುಖ ಊದಿಸಿಕೊಂಡು, ಕರೆ ಬರಲಿ ಎಂದು ಕಾದು ಕೂತಿದ್ದರು. ಡೈರೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಬೇಕಾಗಿದ್ದದ್ದು ಕಣ್ಣು.

"ಸಿಕ್ಕಿದ!" ಎಂದಳು ನಾದಿನಿ. ಪರದೆಯ ಮೇಲೆ ಒಂದೇ ಕಾರ್ಡು ಉಳಿದಿತ್ತು. ಹೆಸರು: ಹಲ್ಲು ಡಾಕ್ಟರು. ವಿಳಾಸದ ಜಾಗದಲ್ಲಿದ್ದದ್ದನ್ನು ಅವಳು ಜೋರಾಗಿ ಓದಿದಳು. "ಬಿದ್ದುಸಾಯಿ, ಅಟ್, ಹಾಳುಬಾವಿ."

ಡೈರೆಕ್ಟರು ಇದ್ದಕ್ಕಿದ್ದಂತೆ ಮೇಜಿನ ಮೇಲಿನ ಕನ್ನಡಕಗಳನ್ನು ಜೋಡಿಸತೊಡಗಿದರು.

"ಭಾವ, ಇದೇನಿದು?"

"ಕೋಪ ಬಂದಿತ್ತು. ಹಾಳುಬಾವಿಗೆ ಬಿದ್ದು ಸಾಯಿ ಅಂತ ಬರೆದೆ. ನಡುವೆ ಆ ಸುರುಳಿ ಗುರುತು ಇಲ್ಲದಿದ್ರೆ ತಗೊಳ್ಳಲ್ಲ ಅಂತು. ಹಾಕಿದೆ. ತಗೊಳ್ತು."

ನಾದಿನಿ ಮೇಜಿಗೆ ತಲೆಯಿಟ್ಟು ನಕ್ಕಳು. ದಿನಕ್ಕೆ ನೂರಾರು ಪೆದ್ದರ ಫೋನೆತ್ತುವವಳಿಗೂ ಇಂಥದು ಸಿಕ್ಕಿರಲಿಲ್ಲ. "ಅಷ್ಟು ಕೋಪ ಇದ್ರೆ ಕಾರ್ಡನ್ನೇ ಡಿಲೀಟ್ ಮಾಡಬಹುದಿತ್ತಲ್ಲ?"

"ಡಿಲೀಟ್ ಮಾಡಿದ್ರೆ ಅವನು ಹೊರಟೇ ಹೋಗ್ತಾನಲ್ಲೇ," ಎಂದರು ಡೈರೆಕ್ಟರು. ಆಡಿದ ಮೇಲೆ ಆ ಮಾತು ಅವರಿಗೇ ಹೊಸದೆನಿಸಿತು.

ನಾದಿನಿಯ ನಗು ನಿಂತಿತು. ಮೌಸನ್ನು ಅವರ ಕಡೆ ಸರಿಸಿದಳು. "ಎರಡೇ ದಾರಿ. ಗುಂಪಿಂದ ತೆಗೀರಿ, ಇಲ್ಲ ನಿಜವಾದ ವಿಳಾಸ ಹಾಕಿ. ನಾನು ಮುಟ್ಟಲ್ಲ. ನಿಮ್ಮ ಸ್ನೇಹಿತರು, ನಿಮ್ಮ ಹಾಳುಬಾವಿ."

ಡೈರೆಕ್ಟರು ಕಂಪ್ಯೂಟರಿನ ಮುಂದೆ ಕೂತರು. ಕಿಟಕಿಯಾಚೆ, ಎದುರು ಸಾಲಿನಲ್ಲಿ, ದೊಡ್ಡ ಹಲ್ಲಿನ ಚಿತ್ರದ ಬೋರ್ಡು ಕಾಣುತ್ತಿತ್ತು. ಅವನಿಲ್ಲದೆ ರಂಗದ ಮೇಲೆ ಮನೆ ಯಾರು ಕಟ್ಟುತ್ತಾರೆ? ಅವನಿಲ್ಲದೆ ತಾನು ಬೈಯುವುದಾದರೂ ಯಾರನ್ನು? ಬೈಗುಳವನ್ನು ಒಂದೊಂದೇ ಅಕ್ಷರ ಅಳಿಸಿ ವಿಳಾಸ ಹೊಡೆದರು. ಅದು ಅವರಿಗೆ ಬಾಯಿಪಾಠವಾಗಿತ್ತು. ಕೂಡಲೇ ಪರದೆಯ ಮೇಲೆ ಏನೋ ಒಂದು ಚೌಕ ಬಂತು. ಅಭ್ಯಾಸಬಲ. ಡೈರೆಕ್ಟರು 'ಸರಿ' ಒತ್ತಿದರು.

"ಏನು ಒತ್ತಿದ್ರಿ?"

"ಗೊತ್ತಿಲ್ಲ."

"ಭಾವ! 'ಕಾದಿರುವ ಮೇಲ್‌ಗಳನ್ನು ಈಗ ಕಳಿಸಲೇ' ಅಂತ ಕೇಳ್ತು!"

ಬಸ್ಸು ತಪ್ಪಿದವರೆಲ್ಲ ಒಟ್ಟಿಗೆ ಬಸ್ಸು ಹತ್ತಿದ್ದರು. ಡೈರೆಕ್ಟರು "ಅಯ್ಯಯ್ಯೋ ನಿಲ್ಲಿಸೇ!" ಎಂದು ಎದ್ದು ಪ್ಲಗ್ಗು ಕಿತ್ತರು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಕಂಡಕ್ಟರಿಗೆ ಹೋಗಿತ್ತು: 'ನೀವು ರಾಜನಾಗಿ ಸಿಂಹಾಸನ ಏರಿದರೂ ಮುಂದೆ ಹೋಗಿ ಮುಂದೆ ಹೋಗಿ ಎನ್ನುವ ದನಿ ಬಿಡಲಿಲ್ಲ.' ಬೇಕರಿಯಮ್ಮನಿಗೆ: 'ನಿಮ್ಮ ಅಳು ನೋಡಿದರೆ ಈರುಳ್ಳಿಗೂ ನಗು ಬರುತ್ತದೆ.' ಅಂಚೆಯವರಿಗೆ: 'ನಿಮಗೆ ಕೊಟ್ಟದ್ದು ಹೆಣದ ಪಾತ್ರ. ಅದರಲ್ಲೂ ಕೆಮ್ಮಿದಿರಿ.' ಗುಂಪಿಗೆ ಹೋದ ಮೇಲ್ ಆದ್ದರಿಂದ ಒಬ್ಬರ ಮಂಗಳಾರತಿ ಎಲ್ಲರಿಗೂ ತಲುಪಿತ್ತು. ಕೊನೆಯದರಲ್ಲಿ ಹೀಗಿತ್ತು: 'ಆ ಹಲ್ಲು ಕೀಳುವವನ ಬಾಲ ಹಿಡಿದು ನೀವೆಲ್ಲ ಹಾಳಾಗಿ ಹೋಗಿ. ಭಾನುವಾರ ಹಾಲಿನ ಕೀಲಿ ಕೊಟ್ಟುಬಿಡುತ್ತೇನೆ.' ವಿಳಾಸ ಸರಿಯಾದದ್ದರಿಂದ ಹಲ್ಲು ಕೀಳುವವನಿಗೂ ಒಂದು ಪ್ರತಿ ಸಂದಿತ್ತು.

"ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತಾ?" ಎಂದರು ಹೆಂಡತಿ ಆ ಸಂಜೆ. "ಭಾನುವಾರ ಹೋಗಿ ಕೀಲಿ ಕೊಟ್ಟು ಬನ್ನಿ."

ಭಾನುವಾರ ಡೈರೆಕ್ಟರು ಕುರ್ಚಿ ಹರಡಲಿಲ್ಲ. ಕೀಲಿ ಹಿಡಿದು ಹಾಲಿನ ನಡುವೆ ನಿಂತಿದ್ದರು. ಮೊದಲು ಬಂದವರು ಬೇಕರಿಯಮ್ಮ. "ಈರುಳ್ಳಿನಾ? ಈರುಳ್ಳಿ ಅಂತೀರಾ ನನಗೆ?" ಎಂದು ಶುರು ಮಾಡಿದವರು ಅತ್ತೇಬಿಟ್ಟರು. ಆ ಅಳು ಎಷ್ಟು ಚೆನ್ನಾಗಿತ್ತೆಂದರೆ, ಬೈಸಿಕೊಳ್ಳುತ್ತಲೇ ಡೈರೆಕ್ಟರು "ಇದೇ! ಇದೇ ಬೇಕಾಗಿದ್ದು!" ಎಂದುಬಿಟ್ಟರು. ಕಂಡಕ್ಟರು ರಾಜನ ದನಿಯಲ್ಲೇ ಗರ್ಜಿಸುತ್ತ ಬಂದರು. ಅಂಚೆಯವರು ಕೆಮ್ಮುತ್ತ ಬಂದು, ಕೆಮ್ಮಿನ ನಡುವೆ ಬೈದರು. ನಟರೆಲ್ಲ ಬಂದರು, ಒಬ್ಬರೂ ತಪ್ಪಲಿಲ್ಲ. ಪ್ರೀತಿಯಿಂದ ಕರೆದ ಕಾಲದಲ್ಲೂ ತಂಡ ಇಷ್ಟು ಪೂರ್ತಿಯಾಗಿ ಸೇರಿರಲಿಲ್ಲ.

ಕೀಲಿ ಇಸಿದುಕೊಳ್ಳಲು ಬಂದ ಮ್ಯಾನೇಜರು ಬಾಗಿಲಲ್ಲಿ ನಿಂತು ಇಣುಕಿದರು. ಕಂಡಕ್ಟರು ಎದೆ ಬಡಿದುಕೊಳ್ಳುತ್ತಿದ್ದರು, ಬೇಕರಿಯಮ್ಮ ಬಿಕ್ಕುತ್ತಿದ್ದರು, ಡೈರೆಕ್ಟರು ಕೈಮುಗಿದು ನಿಂತಿದ್ದರು. "ಈ ಸಲದ ನಾಟಕ ಜೋರಾಗಿದೆ," ಎಂದು ಮೆಚ್ಚಿ, ಜೂಡೋದವರಿಗೆ ಬೇರೆ ಜಾಗ ಹುಡುಕಲು ಹೊರಟುಹೋದರು.

ಆಗ ಹೊರಗೆ ಏನೋ ಉಜ್ಜಿದ ಸದ್ದಾಯಿತು. ಹಲ್ಲು ಡಾಕ್ಟರು ಬಂದರು. ಬೆನ್ನ ಮೇಲೆ ಅದೇ ಬಾಗಿಲು, ಚೌಕಟ್ಟು ಸಮೇತ. ಯಾರ ಮುಖವನ್ನೂ ನೋಡದೆ ಅದನ್ನು ಹಾಲಿನ ನಡುವೆ ತಂದಿಳಿಸಿದರು. ಎರಡು ಕಡೆಯೂ ಆಸರೆಗೋಲು ಕೊಟ್ಟು ಅಲುಗಾಡಿಸಿ ನೋಡಿದರು. ಬಾಗಿಲು ಮುಚ್ಚಿ ಆಚೆ ಬದಿಗೆ ಹೋಗಿ ನಿಂತರು.

"ತೆಗಿ," ಎಂದಿತು ಬಾಗಿಲಾಚೆಯ ದನಿ.

ಡೈರೆಕ್ಟರು ಬಾಗಿಲ ಮುಂದೆ ನಿಂತರು. ಕೈ ತಾನಾಗಿ ತಳ್ಳಲು ಹೋಯಿತು. ತಡೆದರು. ಇಷ್ಟು ಜನರೆದುರು ಎಳೆದರೆ, ಎಳೆದು ಅದು ತೆರೆದರೆ, ಅಲ್ಲಿಗೆ ಎಲ್ಲ ಮುಗಿಯಿತು. ಅವತ್ತು ಕಿಟಕಿಯಿಂದ ಬಾ ಎನ್ನಿಸಿಕೊಂಡದ್ದು ತನ್ನ ತಪ್ಪಿಗೇ ಎಂದು ಒಪ್ಪಿದಂತೆ. ಹಿಂದೆ ಬೇಕರಿಯಮ್ಮ ಮೂಗು ಸೇದಿದರು. ಡೈರೆಕ್ಟರು ಹಿಡಿಕೆ ಹಿಡಿದು ಎಳೆದರು.

ಬಾಗಿಲು ಬೆಣ್ಣೆಯ ಹಾಗೆ ಬಂತು. ಕಿರ್ರೆನ್ನಲೂ ಇಲ್ಲ. ಆಚೆ ಹಲ್ಲು ಡಾಕ್ಟರು ಕೈಕಟ್ಟಿ ನಿಂತು ಇವರ ಮುಖವನ್ನೇ ನೋಡುತ್ತಿದ್ದರು.

"ನೋವಾಯ್ತಾ?" ಎಂದು ಕೇಳಿದರು.

"ಆಯ್ತು ಕಣೋ," ಎಂದರು ಡೈರೆಕ್ಟರು.