ಬೆಚ್ಚನೆಯ ಮೂಲೆ

ಬಂಗಲೆ ಕಟ್ಟಿಸುವವರ ಆಸೆಗಳಿಗೆ ಕೊನೆಯೇ ಇರುವುದಿಲ್ಲ. ಅಮೃತಶಿಲೆ ಇಟಲಿಯದೇ ಆಗಬೇಕು, ಸ್ನಾನದ ತೊಟ್ಟಿಯಲ್ಲಿ ಕೂತರೆ ಬೆಟ್ಟ ಕಾಣಬೇಕು, ಒಂದೇ ಎರಡೇ! ಆದರೆ ಮನೆಯೊಡತಿ ಮ್ಯೊಂಗ್ಸುಕ್ ಮೇಡಂ, ಒಳಾಂಗಣ ವಿನ್ಯಾಸ ಮಾಡುವ ಗಾಯೊಂಗ್‌ಗೆ ಮೊದಲ ದಿನ ಹೇಳಿದ್ದು ಎರಡೇ ಮಾತು.

"ನನ್ನ ತಮ್ಮಂದಿರು ತವರುಮನೆ ಮಾರಿದಾಗ ಅದರ ಮರಮುಟ್ಟೆಲ್ಲ ನಾನೇ ಕೊಂಡಿಟ್ಟಿದ್ದೀನಿ. ಅದು ಈ ಹೊಸ ಮನೆಯೊಳಗೆ ಬರ್ಬೇಕು. ಇನ್ನೊಂದು, ನೆಲ ಎಲ್ಲಾ ಕಡೆ ಒಂದೇ ಸಮ ಬೆಚ್ಚಗಿರ್ಬೇಕು. ಒಂದು ಗೇಣು ತಣ್ಣಗಿದ್ರೂ ಕಿತ್ತು ಮತ್ತೆ ಹಾಕಿಸ್ತೀನಿ."

ಹಾಗೇ ಹಾಕಿಸಿದರು ಕೂಡ, ಮೂರು ಸಲ. ನೆಲದಡಿ ಬಿಸಿನೀರಿನ ಕೊಳವೆ ಜೋಡಿಸುವ ಮಾ ಎಂಬ ಮೇಸ್ತ್ರಿ, "ಈ ಯಮ್ಮ ಅಂಗಾಲಲ್ಲೇ ಥರ್ಮಾಮೀಟರ್ ಇಟ್ಕೊಂಡು ಹುಟ್ಟಿದ್ದಾಳೆ ಕಣ್ರೀ" ಎಂದು ಗೊಣಗುತ್ತಲೇ ಕಿತ್ತು ಕಿತ್ತು ಜೋಡಿಸಿದ.

ಒಂದೂವರೆ ವರ್ಷಕ್ಕೆ ಸೋಲ್ ನಗರದ ಬೆಟ್ಟದ ಇಳಿಜಾರಿನಲ್ಲಿ ಮನೆ ಎದ್ದು ನಿಂತಿತು. ಹೊಗೆ ಹಿಡಿದ ಹಳೆಯ ಪೈನ್ ತೊಲೆಗಳು ಬಿಳಿ ಗೋಡೆಯ ಮೇಲೆ ಕೂತವು. ಆಳೆತ್ತರದ ಗಾಜಿನ ಮುಂದೆ ಕಾಗದ ಅಂಟಿಸಿದ ಹಳೆಯ ಮರದ ಬಾಗಿಲುಗಳು ಸರಿದಾಡಿದವು. ಮುತ್ತಿನ ಚಿಪ್ಪು ಕೂರಿಸಿದ ಅಜ್ಜಿಯ ಕಾಲದ ಪೆಟ್ಟಿಗೆಯ ಪಕ್ಕ ಬೂದು ಬಣ್ಣದ ಸೋಫಾ ಬಂತು. ಹಳೇ ಕಾಲ, ಹೊಸ ಕಾಲ ಎರಡೂ ಮುಖ ತಿರುಗಿಸದೆ ಒಟ್ಟಿಗೆ ಕೂತದ್ದು ನೋಡಿ ಗಾಯೊಂಗ್‌ಗೇ ಹೆಮ್ಮೆಯಾಯಿತು.

ಇನ್ನು ಉಳಿದದ್ದು ಒಂದೇ ಪರೀಕ್ಷೆ. ಮೇಡಂ ಅವರ ಎಂಬತ್ತೈದರ ತಾಯಿ ಒಕ್ಬುನ್ ಅಜ್ಜಿ ಬೇರೆ ಊರಲ್ಲಿ ಕಿರಿಮಗನ ಫ್ಲ್ಯಾಟಿನಲ್ಲಿದ್ದರು. ನೋಡಿ ಒಪ್ಪಿದರೆ ಮಗಳ ಜೊತೆ ಉಳಿಯುವುದು, ಇಲ್ಲದಿದ್ದರೆ ಸಂಜೆಯ ರೈಲಿಗೆ ವಾಪಸ್. ಮಾತು ಅಷ್ಟೇ. ತಮ್ಮ ಕಾರ್ಖಾನೆಯಲ್ಲಿ ಇನ್ನೂರು ಜನರನ್ನು ಗದರಿಸುವ ಮ್ಯೊಂಗ್ಸುಕ್ ಆ ಬೆಳಿಗ್ಗೆ ನಾಲ್ಕು ಸಲ ಬಟ್ಟೆ ಬದಲಿಸಿದರು, ಪಾಪ.

ಅಜ್ಜಿ ಬಂದವರೇ ತೊಲೆ ನೋಡಿ, "ಅಯ್ಯಯ್ಯೋ, ನೀನಿಲ್ಲಿದ್ದೀಯೇನೋ!" ಎಂದು ಅದನ್ನೇ ಮಾತಾಡಿಸಿದರು. ಬಚ್ಚಲು ನೋಡಿ, "ಇಷ್ಟು ದೊಡ್ಡದಾ? ಒಳಗೆ ಹೋದ್ರೆ ದಾರಿ ತಪ್ಪತ್ತೆ" ಎಂದು ನಕ್ಕರು. ಆಮೇಲೆ ತಮಗೆಂದಿಟ್ಟ ಕೋಣೆಗೆ ಬಂದರು. ಮಂಡಿಯೂರಿ, ಅಂಗೈಯನ್ನು ನೆಲದ ಮೇಲೆ ಸವರುತ್ತಾ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಹುಡುಕಿದರು.

"ಬೆಚ್ಚನೆ ಮೂಲೆ ಎಲ್ಲಮ್ಮಾ?"

"ಎಲ್ಲಾ ಕಡೆ ಬೆಚ್ಚಗಿದೆ ಅಜ್ಜಿ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ" ಎಂದಳು ಗಾಯೊಂಗ್, ಬೀಗುತ್ತಾ.

"ಹಾಗಿದ್ರೆ ಇದು ನನಗಾಗಲ್ಲ" ಎಂದು ಅಜ್ಜಿ ಎದ್ದೇಬಿಟ್ಟರು.

ಆ ನಾಡಿನ ಹಳೆಯ ಮನೆಗಳಲ್ಲಿ ಅಡಿಗೆ ಒಲೆಯ ಬಿಸಿ ನೆಲದಡಿ ಹಾಯುತ್ತಿತ್ತು. ಒಲೆಗೆ ಹತ್ತಿರದ ಮೂಲೆ ಕೈಯಿಟ್ಟರೆ ಸುಡುತ್ತಿತ್ತು, ಬಾಗಿಲ ಕಡೆ ನೀರು ಹೆಪ್ಪುಗಟ್ಟುತ್ತಿತ್ತು. ಆ ಮೂಲೆ ಹಿರಿಯರಿಗೆ, ಬಂದ ನೆಂಟರಿಗೆ, ಮನೆಯ ಗಂಡುಮಕ್ಕಳಿಗೆ.

ಮ್ಯೊಂಗ್ಸುಕ್ ಮುಖ ಕೆಂಪಗಾಯಿತು. "ಅಮ್ಮಾ, ಬಾಗಿಲ ಹತ್ರ ಕೂತು ಹೋಂವರ್ಕ್ ಮಾಡ್ದೋಳು ನಾನು. ಬೆರಳು ಒಡೆದು ರಕ್ತ ಬರ್ತಿತ್ತು. ತಮ್ಮಂದಿರು ಆ ಮೂಲೇಲಿ ಬೆವರ್ತಾ ಮಲಗ್ತಿದ್ರು. ನನ್ನ ಮನೇಲಿ ಅಂಥ ಮೂಲೆ ಇರಲ್ಲ ಅಂತಾನೇ ಇಷ್ಟೆಲ್ಲ ಮಾಡ್ಸಿದ್ದು!" ಎಂದವರೇ ಅಡಿಗೆಮನೆಗೆ ಹೋಗಿಬಿಟ್ಟರು.

ಗಾಯೊಂಗ್ ಅಜ್ಜಿಯ ಹತ್ತಿರ ಹೋದಳು. ಸಮ ಮಾಡಿಸಿದ್ದೇ ತನ್ನ ಜಾಣತನವೆಂದು ಬೀಗಿದ್ದಳು. ಆ ಸಮದ ಹಿಂದೆ ಇಷ್ಟು ವರ್ಷದ ಚಳಿ ಇದೆಯೆಂದು ಅವಳೇನು ಕಂಡಿದ್ದಳು?

"ಅಜ್ಜಿ, ಆ ಮೂಲೆ ಅಷ್ಟು ಬೇಕೇ ಬೇಕಾ?"

"ಬೇಕು ಕಣಮ್ಮ. ಅವಳ ಹತ್ರ ಹೇಳಿದ್ರೆ ಕೇಳಲ್ಲ. ಮಾಡಿಕೊಟ್ಟು ನೋಡು" ಎಂದು ಅಜ್ಜಿ ಗಾಯೊಂಗ್ ಕೈ ಹಿಡಿದುಕೊಂಡರು. ಮುದಿ ಕೈ ತಣ್ಣಗೆ ಕೊರೆಯುತ್ತಿತ್ತು.

ಆ ಕೈಗೆ ಗಾಯೊಂಗ್ ಸೋತಳು. ಮೇಡಂರನ್ನು ಕೇಳದೆ ಕೆಳಗಿನ ಬಾಯ್ಲರ್ ಕೋಣೆಗೆ ಇಳಿದು ಹೋಗಿ, ಅಲ್ಲಿದ್ದ ಮಾ ಮೇಸ್ತ್ರಿಗೆ, "ಅಜ್ಜಿಯ ಕೋಣೇಲಿ ಬಾಗಿಲ ಕಡೆ ಕೊಳವೆ ಮುಚ್ಚಿ, ಒಳಮೂಲೆದು ಪೂರ್ತಿ ಬಿಡಿ" ಎಂದಳು.

ಮಾ ಮೇಸ್ತ್ರಿ ಹಣೆ ಚಚ್ಚಿಕೊಂಡ. "ಮೂರು ಸಲ ಕೀಳ್ಸಿ ಈಗ ನೀವೇ ಕೆಡ್ಸಿ ಅಂತೀರಲ್ರೀ! ಬಿಸಿ ಏರೋಕೆ ಮೂರು ಗಂಟೆ ಬೇಕು. ಆ ಯಮ್ಮಂಗೆ ಗೊತ್ತಾದ್ರೆ ನಿಮ್ಮನ್ನೂ ನನ್ನನ್ನೂ ಒಟ್ಟಿಗೇ ಆಚೆ ಹಾಕ್ತಾಳೆ."

"ಹಾಕ್ಲಿ ಬಿಡಿ."

ಊಟಕ್ಕೆ ಹುದುಗಿಸಿದ ಸೋಯಾಕಾಳಿನ ಸಾರು, ಎಲೆಕೋಸಿನ ಹೊಸ ಕಿಮ್ಚಿ ಉಪ್ಪಿನಕಾಯಿ. ತಾಯಿ ಮಗಳು ಮುಖ ನೋಡದೆಯೇ ಒಬ್ಬರ ಬಟ್ಟಲಿಗೊಬ್ಬರು ಬಡಿಸಿದರು. ಹಾಗೂ ಹೀಗೂ ಹೊತ್ತು ಕಳೆದು, ರೈಲಿಗೆ ಹೊರಡುವ ಮುನ್ನ ಅಜ್ಜಿ ಕೋಟು ತೆಗೆದುಕೊಳ್ಳಲು ಕೋಣೆಗೆ ಹೋದರು. ಅಭ್ಯಾಸಬಲವೋ ಏನೋ, ಮತ್ತೆ ಅಂಗೈ ಸವರಿದರು. ಒಳಮೂಲೆಯಲ್ಲಿ ಕೈ ತಟಕ್ಕನೆ ನಿಂತಿತು.

"ಮ್ಯೊಂಗ್ಸುಕ್! ಬಾರೇ ಇಲ್ಲಿ!"

ಓಡಿ ಬಂದ ಮಗಳಿಗೆ ಬಾಗಿಲಲ್ಲೇ ಕಾಲಡಿ ಚಳಿ ತಾಕಿತು. ಮುಖ ಬಿಳಿಚಿಕೊಂಡಿತು. "ಯಾರನ್ನ ಕೇಳಿ ಮಾಡ್ಸಿದ್ರಿ?" ಎಂದು ಗಾಯೊಂಗ್ ಕಡೆ ತಿರುಗಿದರು.

"ಅವಳನ್ನ ಯಾಕೇ ಬಯ್ತೀಯ? ಬಾ, ಇಲ್ಲಿ ಕೂತ್ಕೋ."

"ಅದು ನಿನ್ನ ಜಾಗ ಅಮ್ಮಾ. ನೀನೇ ಕೇಳಿದ್ದಲ್ವಾ, ಕೂತ್ಕೋ."

"ನನಗೆ ಅಂತ ಕೇಳಿದ್ನೇನೇ ಹುಚ್ಚಿ?" ಅಜ್ಜಿಯ ದನಿ ಒಡೆಯಿತು. "ಎಲ್ಲಾ ಕಡೆ ಒಂದೇ ಥರ ಬೆಚ್ಚಗಿದ್ರೆ ನಿನ್ನನ್ನ ಎಲ್ಲಿ ಕೂರಿಸ್ಲಿ? ಆ ಮನೇಲಿ ಒಂದು ದಿನ, ಒಂದೇ ಒಂದು ದಿನ ಕೂರಿಸ್ಲಿಲ್ಲ. ನಿನ್ನ ಬೆರಳು ಒಡೆದದ್ದು ನಾನು ಕಂಡಿರ್ಲಿಲ್ಲ ಅಂದ್ಕೊಂಡ್ಯಾ? ಕಂಡೂ ಸುಮ್ನಿದ್ದೆ. ಸಾಯೋಕೆ ಮುಂಚೆ ಒಂದ್ಸಲ ಕೂರಿಸ್ಬೇಕು ಅಂತ ಬಂದೆ ಕಣೇ."

ಅರವತ್ತು ದಾಟಿದ ಮ್ಯೊಂಗ್ಸುಕ್ ಒಳಮೂಲೆಗೆ ಹೋಗಿ, ಕಾಲು ಮಡಿಸಿ ಮೆಲ್ಲಗೆ ಕೂತರು. ತಾಯಿ ಕೋಟನ್ನು ಮಗಳ ಮಂಡಿಯ ಮೇಲೆ ಹೊದೆಸಿ, ಅಂಚು ಒಳಗೆ ತುರುಕಿ, ತಾವು ಹೋಗಿ ಬಾಗಿಲ ಹತ್ತಿರ ಕೂತರು.

"ಅಮ್ಮಾ, ಅಲ್ಲಿ ಚಳಿ."

"ಗೊತ್ತು. ಇವತ್ತು ನಾನಿಲ್ಲಿ ಕೂರ್ತೀನಿ."

ಮ್ಯೊಂಗ್ಸುಕ್ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತರು. ಗಾಯೊಂಗ್ ಕಣ್ಣೂ ತುಂಬಿತು. ಅಜ್ಜಿಯ ಚೀಲ ಹೊಸ್ತಿಲಲ್ಲೇ ಉಳಿಯಿತು. ರೈಲಿನ ಮಾತನ್ನು ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಮಾ ಮೇಸ್ತ್ರಿ ಕೂಗಿದ, "ಏನ್ರೀ, ಮತ್ತೆ ಸಮ ಮಾಡ್ಲಾ?"

"ಮುಟ್ಟಬೇಡಿ!" ಎಂದು ಮೂಲೆಯಿಂದ ಕೂಗಿದರು ಮ್ಯೊಂಗ್ಸುಕ್.