ಹಿಮದೊಳಗಿನ ಸೆಕೆ

ಕಾಲಿನಡಿ ಹಿಮ ಕುಯ್‌ಗುಟ್ಟಿತು, ಅಂತ ಓದಿದೆ, ಅಷ್ಟರಲ್ಲಿ ಹೊರಗೆ ಯಾರೋ ನಡೆದರು, ಕುಯ್, ಕುಯ್, ಪುಸ್ತಕದ ಹಿಮವೋ ನಮ್ಮ ಅಂಗಳದ್ದೋ ಒಂದು ಕ್ಷಣ ತಿಳಿಯಲಿಲ್ಲ — ಪಕ್ಕದ ಮನೆಯ ಅಸಾನ್‌ಕುಲ್, ಮಾಡಿನ ಮೇಲಿನ ಹಿಮ ಎಳೆಯಲು ಸಲಿಕೆ ಹೊತ್ತು ಹೊರಟಿದ್ದಾನೆ — ಸರಿಯಾಗಿ ಬರ್ದಿದಾನೆ, ಅಂದರು ಮಾವ, ಒಲೆಯ ಪಕ್ಕ ಕಂಬಳಿ ಹೊದ್ದು, ಕಾಣದ ಕಣ್ಣು ಮುಚ್ಚಿಕೊಂಡೇ, ಚಳಿ ಬಿಗಿದಾಗ ಮಾತ್ರ ಹಂಗೆ ಕೂಗೋದು, ಇಲ್ದಿದ್ರೆ ಸುಮ್ನೆ ಕುಸೀತದೆ, ಮುಂದೆ ಓದು ಬುರುಲ್ಚಾ. ಸಮುದ್ರದಾಚೆ ಎಲ್ಲೋ ಉತ್ತರದ ದೇಶದ ಕಾದಂಬರಿ, ಯಾರೋ ಪುಣ್ಯಾತ್ಮರು ಕಿರ್ಗೀಜ್‌ಗೆ ತಂದಿದ್ದಾರೆ, ನಾನು ನಾರಿನ್ ಪೇಟೆಯ ಗ್ರಂಥಾಲಯದಿಂದ ತಂದೆ, ಇನ್ನೂರು ಪುಟಕ್ಕೆ ಇಬ್ಬರೇ ಮನುಷ್ಯರು, ಒಬ್ಬ ಬೇಟೆಗಾರ, ಅವನ ಹೆಂಡತಿ, ಮಿಕ್ಕಿದ್ದೆಲ್ಲ ಹಿಮ, ಹಿಮ ನೋಡಲು ನಮಗೆ ಪುಸ್ತಕ ಬೇಕೆ, ಕಿಟಕಿ ಸಾಲದೆ, ಆದರೆ ಮಾವನಿಗೆ ಈ ಚಳಿಗಾಲ ಕಿಟಕಿ ಇಲ್ಲ, ಈ ಪುಟಗಳೇ ಕಿಟಕಿ, ಮೊದಲ ದಿನ ಎಷ್ಟು ಹೀಯಾಳಿಸಿದರು, ಮೀನು ತಿನ್ನೋನಿಗೆ ಹಿಮದ ಸಂಗತಿ ಏನ್ ಗೊತ್ತು, ನೋಡ್ತಿರು, ಎಲ್ಲಾದ್ರೂ ಸಿಕ್ಕಿಬೀಳ್ತಾನೆ ಕಳ್ಳ — ಆರು ದಿನವಾಯಿತು, ಗಾಳಿ ಕೊರೆದ ಅಂಚು, ಸಂಜೆಯ ನೀಲಿ ನೆರಳು, ಹೊಸ ಹಿಮದ ಕೆಳಗೆ ಅಡಗಿದ ಹಳೆಯ ಗಟ್ಟಿ ಪದರ, ಎಲ್ಲವನ್ನೂ ತೂಗಿ ನೋಡಿದರು, ಸಿಕ್ಕಿಬಿದ್ದಿಲ್ಲ.

ಈಗ ಬೇಟೆಗಾರನಿಗೆ ದಾರಿ ತಪ್ಪಿದೆ, ಬಿಳಿ ಬಿಟ್ಟರೆ ಏನೂ ಇಲ್ಲ, ನನ್ನ ಬೆರಳು ಎರಡು ಪುಟ ಒಟ್ಟಿಗೆ ಹಿಡಿಯಿತು, ಕಿವಿ ಚುರುಕು ಮುದುಕನದು, ಹಾರಿಸ್ಬೇಡ, ಅಂದರು. ಎರ್ಮೆಕ್ ಹೋಗಿದ್ದೂ ಇಂಥದೇ ದಿನ, ಒಂಬತ್ತು ವರ್ಷದ ಹಿಂದೆ, ಕಣಿವೆಯಾಚೆ ಉಳಿದಿದ್ದ ಕುದುರೆಗಳನ್ನು ತರುತ್ತೇನೆ ಅಂತ, ಚಹಾ ಅರ್ಧಕ್ಕೇ ಬಿಟ್ಟು, ನಾನು ಹೆಂಡತಿ, ಬಾಗಿಲವರೆಗೂ ಹೋಗಲಿಲ್ಲ, ಹಿಟ್ಟಿನ ಕೈ — ಸಿಕ್ಕಿದ್ದು ಮೇ ತಿಂಗಳಲ್ಲಿ, ಹಿಮ ಕರಗಿದ ಮೇಲೆ, ಕೋಟಿಲ್ಲ, ಅಂಗಿಯ ಎದೆ ತೆರೆದಿತ್ತು, ಕೋಟು ನಾಲ್ಕು ಹೆಜ್ಜೆ ಆಚೆ, ಹೊತ್ತು ತಂದವರಲ್ಲಿ ಅಸಾನ್‌ಕುಲ್ ಒಬ್ಬ, ಇದೇ ಅಂಗಳದಲ್ಲಿ ನಿಂತು ಅಂದ, ಕಲ್ಲು ಸೀಳೋ ಚಳೀಲಿ ಕೋಟು ಬಿಚ್ತಾನಾ ಯಾವನಾದ್ರೂ, ಒಳಗೆ ಒಂದು ಬಾಟ್ಲಿ ಇಳಿಸ್ದೆ? ಅಷ್ಟೇ ಅಂದದ್ದು, ಊರಿಗೆ ಅಷ್ಟು ಸಾಕಾಯಿತು. ಅವತ್ತಿನಿಂದ ಮಾವ ಯಾರ ಮನೆಗೆ ಹೋದರೂ ಹಿರಿಯರ ಜಾಗದಲ್ಲಿ ಕೂರಲಿಲ್ಲ, ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ, ಕುಡುಕನ ಅಪ್ಪ, ಮಗನ ಹೆಸರು ಬಾಯಲ್ಲಿ ತರಲಿಲ್ಲ. ನಾನೋ, ಆ ಶರತ್ಕಾಲದಲ್ಲೇ ಅವನು ರೊಟ್ಟಿ ಮುಟ್ಟಿ ಆಣೆ ಇಟ್ಟಿದ್ದ, ಇನ್ನು ಬಾಟ್ಲಿ ಮುಟ್ಟಲ್ಲ ಕಣೇ, ಮುಟ್ಟಿದ್ರೆ ಈ ರೊಟ್ಟಿನೇ ನನ್ನ ಹೊಡೀಲಿ, ಹೊಡೆಯಿತಲ್ಲ, ಅಂದುಕೊಂಡೆ, ಗಂಡ ಸತ್ತಾಗ ಹೆಂಡತಿ ಹಾಡಿ ಅಳಬೇಕಾದ ಹಾಡು ನನ್ನ ಗಂಟಲಲ್ಲಿ ಏಳಲೇ ಇಲ್ಲ, ಅತ್ತೆ ಒಬ್ಬರೇ ಹಾಡಿದರು, ನಾನು ಗೋಡೆ ನೋಡುತ್ತ ಕೂತೆ, ಹೆಂಗಸರು ಪಿಸುಗುಟ್ಟಿದರು, ಕಲ್ಲು ಇವಳು.

ಎರಡನೆಯ ಸಲ ಬಿದ್ದೆದ್ದಾಗ ಅವನಿಗೆ ಸೆಕೆಯಾಯಿತು, ಅಂತ ಓದಿದೆ — ಸೆಕೆ? ಅಚ್ಚಿನ ತಪ್ಪೋ, ಅನುವಾದಕ ಎಡವಿದನೋ — ಮೈಯೆಲ್ಲ ಉರಿ, ತುಪ್ಪಳದ ಅಂಗಿ ಕಳಚಿ ಹಿಮದ ಮೇಲಿಟ್ಟ, ಚಳಿಯಲ್ಲಿ ಸಾಯುವವರು ಕೊನೆಗೆ ಹೀಗೆ ಮಾಡುವುದುಂಟು ಎಂದು ಅವನ ಅಪ್ಪ ಹೇಳಿದ್ದ, ಅದು ಈಗ ಅವನಿಗೆ ನೆನಪಿರಲಿಲ್ಲ — ನನ್ನ ದನಿ ಎಡವಿತು. ಇನ್ನೊಂದ್ಸಲ ಓದು, ಅಂದರು ಮಾವ. ಓದಿದೆ. ನೀನು ಸೇರಿಸಿದ್ದಲ್ಲ ತಾನೇ, ಈ ಮುದುಕನ ಸಮಾಧಾನಕ್ಕೆ? ಇಲ್ಲ ಮಾವ, ಇಲ್ಲೇ ಇದೆ, ಅವರ ಬೆರಳು ಹಿಡಿದು ಸಾಲಿನ ಮೇಲಿಟ್ಟೆ. ಕಥೆ ಮಾವ, ಕಟ್ಟಿದ್ದಾಗಿರಬಹುದು, ಅಂದೆ, ಯಾಕೆ ಅಂದೆನೋ. ಹಿಮದ ವಿಷ್ಯದಲ್ಲಿ ಇವ್ನು ಇನ್ನೂ ಒಂದು ಸುಳ್ಳು ಹೇಳಿಲ್ಲ, ಅಂದರು, ಇದೊಂದು ಯಾಕೆ ಹೇಳ್ತಾನೆ, ಹೋಗು, ಆ ಅಸಾನ್‌ಕುಲನ್ನ ಕರಿ.

ಬಂದ, ಟೋಪಿ ಕೈಯಲ್ಲಿ, ಏನಣ್ಣ, ಚಹಾಕ್ಕಾ, ಅಂತ ನಕ್ಕ, ಕೂರು, ಕೇಳು, ಅಂದರು ಮಾವ, ನಾನು ಮೂರನೆಯ ಸಲ ಓದಿದೆ, ಈ ಸಲ ದನಿ ಎಡವಲಿಲ್ಲ, ಅಸಾನ್‌ಕುಲನ ಬೂಟಿನ ಹಿಮ ಕರಗಿ ನೆಲದ ಕಂಬಳಿಗೆ ಇಳಿಯುತ್ತಿತ್ತು, ಆಮೇಲೆ ಅಂದ, ನಾನು ಬಾಟ್ಲಿ ನೋಡಿರ್ಲಿಲ್ಲ ಅಣ್ಣ, ಅಲ್ಲಿ ಬಾಟ್ಲಿ ಇರ್ಲೇ ಇಲ್ಲ, ಬಾಯಿಗೆ ಬಂದದ್ದು ಅಂದ್ಬಿಟ್ಟೆ. ಮಾವ ಬೈಯಲಿಲ್ಲ, ನನ್ನ ಎರ್ಮೆಕ್, ಅಂದರು, ಒಂಬತ್ತು ವರ್ಷದಲ್ಲಿ ಮೊದಲ ಸಲ, ಅವ್ನು ಕುಡ್ದಿರ್ಲಿಲ್ಲ, ಊರಲ್ಲೂ ಹಂಗೇ ಹೇಳು. ಹೇಳ್ತೀನಿ, ಅಂದ, ಎದ್ದ, ಬಾಗಿಲು ಹಾಕಿಕೊಂಡಿತು. ಮುಂದೆ ಓದು ಮಗಳೇ, ಅನ್ನುತ್ತಿದ್ದಾರೆ, ಓದಬೇಕು, ಆ ಹೆಂಡತಿ ಗುಡಿಸಲಲ್ಲಿ ಇನ್ನೂ ಕಾಯುತ್ತಿದ್ದಾಳೆ, ಆದರೆ ಅಕ್ಷರ ನಿಲ್ಲುತ್ತಿಲ್ಲ, ಎರ್ಮೆಕ್ ಹಿಮದ ನಡುವೆ ನಿಂತಿದ್ದಾನೆ, ತೂರಾಡುತ್ತಿಲ್ಲ, ಸೆಕೆ ಅವನಿಗೆ, ಮನೆಗೆ ಬಂದುಬಿಟ್ಟೆ ಅಂದುಕೊಂಡಿದ್ದಾನೆ, ಕೋಟಿನ ಗುಂಡಿ ಬಿಚ್ಚುತ್ತಿದ್ದಾನೆ, ಮೇಲಿನದು ಮೊದಲು, ಆಮೇಲೆ ಎರಡನೆಯದು, ಬೆರಳು ಮರಗಟ್ಟಿವೆ, ಆದರೂ ಬಿಚ್ಚುತ್ತಿದ್ದಾನೆ, ಒಂದೊಂದೇ ಗುಂಡಿ, ಒಂದೊಂದೇ